ಪಂಚೆ ಉಟ್ಟವರಿಗೆ ಬಾಗಿಲು ಮುಚ್ಚಬಹುದೇ?

2024ರ ಜುಲೈ 16ರಂದು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ವರ್ಲ್ಡ್ ಮಾಲ್‌ಗೆ ಮಗನೊಡನೆ ಚಲನಚಿತ್ರ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬಾಗಿಲಲ್ಲೇ ತಡೆಯಲಾಯಿತು. ಎರಡು ದಿನಗಳ ಬಳಿಕ, ಮಾಲ್ ಅನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಿತು. ಪಾಲಿಕೆಯು ಬೀಗಕ್ಕೆ ಕೊಟ್ಟ ಕಾರಣ ಮಾತ್ರ ಆಸ್ತಿ ತೆರಿಗೆಯ ಬಾಕಿ.

ಈ ವ್ಯತ್ಯಾಸ ಗಮನಾರ್ಹ. ಸಂವಿಧಾನದ 15(2)ನೇ ವಿಧಿಯು ಅಂಗಡಿ, ಹೋಟೆಲು, ಮನರಂಜನಾ ಸ್ಥಳಗಳ ಪ್ರವೇಶದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಉಡುಪಿನ ಉಲ್ಲೇಖ ಅಲ್ಲಿಲ್ಲ. ತಮಿಳುನಾಡು ಈ ಕೊರತೆಯನ್ನು 2014ರಲ್ಲೇ ಗುರುತಿಸಿತು. ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನು ಚೆನ್ನೈನ ಕ್ಲಬ್ಬೊಂದು ಹೊರಗಿಟ್ಟ ಬಳಿಕ ತಂದ ಕಾಯ್ದೆಯಲ್ಲಿ ಪರವಾನಗಿ ರದ್ದತಿಗೂ ಒಂದು ವರ್ಷದವರೆಗಿನ ಸೆರೆವಾಸಕ್ಕೂ ಅವಕಾಶವಿದೆ.

ವ್ಯಾಪಾರಿಗೆ ನಿಯಮ ರೂಪಿಸುವ ಹಕ್ಕೇ ಇಲ್ಲವೆನ್ನಲಾಗದು. ಈಜುಕೊಳಕ್ಕೆ ಈಜುಡುಗೆ ಬೇಕು. ಅದಕ್ಕೆ ಶುಚಿತ್ವದ, ಸುರಕ್ಷತೆಯ ಆಧಾರವಿದೆ. ಪಂಚೆಯಿಂದ ಚಿತ್ರಮಂದಿರಕ್ಕೆ ಯಾವ ಅಪಾಯ? ಅಲ್ಲಿ ಅಳೆದದ್ದು ಬಟ್ಟೆಯನ್ನಲ್ಲ, ಮನುಷ್ಯನ ಅಂತಸ್ತನ್ನು.

ನಾರಾಯಣಪೇಟೆ, ಗದ್ವಾಲಗಳ ಮಗ್ಗದ ಸೀರೆಗಳಿಗೆ ಮಹಾನಗರದ ಮಳಿಗೆಗಳಲ್ಲಿ ಗೌರವದ ಸ್ಥಾನವಿದೆ. ಅದೇ ಸೀಮೆಯಿಂದ ಪಂಚೆ, ರುಮಾಲಿನಲ್ಲಿ ಹೊರಟ ಅಜ್ಜನಿಗೂ ಆ ಬಾಗಿಲು ತೆರೆದಿರಬೇಕು. ಸಮಾನತೆಯ ಪಾಠ ಓದಿದ ಮಕ್ತಲದ ಮಗು ಅಜ್ಜನ ಕೈಹಿಡಿದು ನಗರಕ್ಕೆ ಹೋದಾಗ, ಆ ಪಾಠ ಸುಳ್ಳಾಗಬಾರದು. ಒಂದು ವಾರದ ಬೀಗ ಕೋಪವನ್ನು ತಣಿಸೀತು. ಹಕ್ಕನ್ನು ಕಾಯುವುದು ಶಾಸನವೊಂದೇ. ತೆಲಂಗಾಣ, ಕರ್ನಾಟಕಗಳೆರಡೂ ಅದನ್ನು ರೂಪಿಸಲಿ.