ಮುನ್ಸೂಚನೆ ಯಾರ ಕೈಗೆ?

ಅನಿರೀಕ್ಷಿತ ಆಕ್ರಮಣವೊಂದು ನಡೆದ ಮರುದಿನ ಎಲ್ಲ ದೇಶಗಳಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಇದು ಮೊದಲೇ ತಿಳಿದಿರಲಿಲ್ಲವೇ? ತಿಳಿದಿದ್ದರೆ ಅನಾಹುತ ತಪ್ಪುತ್ತಿತ್ತು ಎಂಬ ನಂಬಿಕೆ ಈ ಪ್ರಶ್ನೆಯ ಹಿಂದೆ ಅಡಗಿದೆ. ಆ ನಂಬಿಕೆಯ ಮೇಲೆಯೇ ತನಿಖಾ ಸಮಿತಿಗಳು ರಚನೆಯಾಗುತ್ತವೆ, ಗೂಢಚರ ಸಂಸ್ಥೆಗಳ ಅನುದಾನ ಹಿಗ್ಗುತ್ತದೆ, ಒಬ್ಬಿಬ್ಬರು ಅಧಿಕಾರಿಗಳ ತಲೆದಂಡವಾಗುತ್ತದೆ. ಆದರೆ ಅದು ಎಷ್ಟರಮಟ್ಟಿಗೆ ಸತ್ಯ? ಈ ಪರೀಕ್ಷೆಗೆ ಪರ್ಲ್ ಹಾರ್ಬರ್‌ನಷ್ಟು ಒದಗುವ ನಿದರ್ಶನ ಮತ್ತೊಂದಿಲ್ಲ. ಅಲ್ಲಿ ಮುನ್ಸೂಚನೆಯ ಕೊರತೆಯೇ ಇರಲಿಲ್ಲ.

1941ರ ಡಿಸೆಂಬರ್ 7, ಭಾನುವಾರ. ಹವಾಯಿಯ ಓಆಹು ದ್ವೀಪದ ಉತ್ತರಕ್ಕೆ ಸುಮಾರು 370 ಕಿಲೋಮೀಟರ್ ದೂರದ ಸಮುದ್ರದಲ್ಲಿ ಜಪಾನಿನ ಆರು ವಿಮಾನವಾಹಕ ನೌಕೆಗಳು ಬಂದು ನಿಂತಿದ್ದವು. ಬೆಳಗಿನ ಎಂಟು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಬಾಂಬುಗಳು ಬೀಳತೊಡಗಿದವು. ಎರಡು ಅಲೆಗಳಲ್ಲಿ ಬಂದ ಸುಮಾರು 350 ವಿಮಾನಗಳು ಎರಡು ಗಂಟೆಗಳೊಳಗೆ ಎಂಟು ಯುದ್ಧನೌಕೆಗಳಿಗೆ ಹಾನಿಯುಂಟುಮಾಡಿದವು, ಅವುಗಳಲ್ಲಿ ನಾಲ್ಕು ಮುಳುಗಿದವು. ಸತ್ತ ಅಮೆರಿಕನ್ನರ ಸಂಖ್ಯೆ 2,403. ಅರಿಜೋನಾ ಎಂಬ ಒಂದೇ ಹಡಗಿನಲ್ಲಿ 1,177 ಮಂದಿ ಅಳಿದರು.

ಹತ್ತು ದಿನಗಳ ಹಿಂದೆಯೇ, ನವೆಂಬರ್ 27ರಂದು, ವಾಷಿಂಗ್ಟನ್ನಿನಿಂದ ಬಂದ ತಂತಿಯಲ್ಲಿ ಇದನ್ನು ಯುದ್ಧದ ಎಚ್ಚರಿಕೆಯೆಂದೇ ಭಾವಿಸಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ನೌಕಾಪಡೆಯ ಅಡ್ಮಿರಲ್ ಕಿಮ್ಮೆಲ್ ಅದನ್ನು ಓದಿದ್ದರು. ಭೂಸೇನೆಯ ಜನರಲ್ ಶಾರ್ಟ್ ಅವರಿಗೂ ಅಂಥದೇ ಸಂದೇಶ ತಲುಪಿತ್ತು. ಶಾರ್ಟ್ ಅವರು ಅದನ್ನು ಗುಪ್ತ ವಿಧ್ವಂಸಕ ಕೃತ್ಯದ ಸೂಚನೆಯೆಂದು ಅರ್ಥೈಸಿದರು. ಕಾವಲಿಗೆ ಅನುಕೂಲವಾಗಲೆಂದು ವಿಮಾನಗಳನ್ನು ರೆಕ್ಕೆಗೆ ರೆಕ್ಕೆ ತಾಗುವಂತೆ ಸಾಲಾಗಿ ನಿಲ್ಲಿಸಿದರು, ಮದ್ದುಗುಂಡುಗಳನ್ನು ಬೀಗದೊಳಗಿಟ್ಟರು. ಆಕಾಶದಿಂದ ಬಂದ ಶತ್ರುವಿಗೆ ಇದಕ್ಕಿಂತ ಸುಲಭವಾದ ಗುರಿ ಬೇಕಿರಲಿಲ್ಲ. ಎಚ್ಚರಿಕೆಯೇ ಇಲ್ಲಿ ಹಾನಿಯನ್ನು ಹೆಚ್ಚಿಸಿತು ಎಂಬುದನ್ನು ಗಮನಿಸಬೇಕು.

ಆ ಬೆಳಗಿನ ಕಥೆ ಇನ್ನೂ ವಿಚಿತ್ರವಾದುದು. ಬಂದರಿನ ಬಾಯಿಯಲ್ಲಿ ಗಸ್ತು ತಿರುಗುತ್ತಿದ್ದ ವಾರ್ಡ್ ಎಂಬ ನೌಕೆ ಸುಮಾರು 6.45ಕ್ಕೆ ಜಪಾನಿನ ಕಿರು ಜಲಾಂತರ್ಗಾಮಿಯೊಂದನ್ನು ಹೊಡೆದು ಮುಳುಗಿಸಿ, ಏಳು ಗಂಟೆಗೆ ಮೊದಲೇ ವರದಿ ಕಳುಹಿಸಿತು. ಮೇಲಧಿಕಾರಿಗಳು ಅದನ್ನು ದೃಢಪಡಿಸಿಕೊಳ್ಳುವುದರಲ್ಲಿ ಸಮಯ ಕಳೆದರು. ಏಳು ಗಂಟೆ ಎರಡು ನಿಮಿಷಕ್ಕೆ ಒಪಾನಾ ಬೆಟ್ಟದ ರೇಡಾರಿನ ಮುಂದೆ ಕುಳಿತಿದ್ದ ಇಬ್ಬರು ಸಾಮಾನ್ಯ ಸೈನಿಕರಿಗೆ ಉತ್ತರದಿಂದ ದೊಡ್ಡ ವಿಮಾನಸಮೂಹ ಬರುತ್ತಿರುವುದು ಕಂಡಿತು. ಅವರ ಪಾಳಿ ಏಳು ಗಂಟೆಗೇ ಮುಗಿದಿತ್ತು. ಊಟಕ್ಕೆ ಕರೆದೊಯ್ಯಬೇಕಾದ ಲಾರಿ ತಡವಾದುದರಿಂದ ಯಂತ್ರವನ್ನು ಚಾಲೂ ಇಟ್ಟಿದ್ದರು. ಅವರು ದೂರವಾಣಿ ಮಾಡಿದಾಗ ಮಾಹಿತಿ ಕೇಂದ್ರದಲ್ಲಿದ್ದ ಕಿರಿಯ ಅಧಿಕಾರಿ, ಕ್ಯಾಲಿಫೋರ್ನಿಯಾದಿಂದ ಬರಲಿರುವ ಸ್ವಪಕ್ಷದ ಬಾಂಬರುಗಳೇ ಇರಬೇಕೆಂದು ಭಾವಿಸಿ, ಚಿಂತೆ ಬೇಡವೆಂದರು. ವಾಷಿಂಗ್ಟನ್ನಿನಲ್ಲಿ ಸೇನಾ ಮುಖ್ಯಸ್ಥ ಮಾರ್ಷಲ್ ಅವರು ಅಂದೇ ಹೊರಡಿಸಿದ ಕಡೆಯ ಎಚ್ಚರಿಕೆಯಂತೂ, ಸೇನೆಯ ರೇಡಿಯೋ ಕೈಕೊಟ್ಟ ಕಾರಣ ಖಾಸಗಿ ತಂತಿ ಕಂಪನಿಯ ಮೂಲಕ ಹೊನೊಲುಲು ಸೇರಿ, ಶಾರ್ಟ್ ಅವರ ಕೈಗೆ ದಾಳಿ ಮುಗಿದ ಎಷ್ಟೋ ಹೊತ್ತಿನ ಮೇಲೆ ತಲುಪಿತು.

ಈಗ ಕೇಳಬೇಕಾದ ಪ್ರಶ್ನೆ: ಆ ಕಿರಿಯ ಅಧಿಕಾರಿ ಫೋನಿನ ಮಾತನ್ನು ನಂಬಿ ಗಂಟೆ ಬಾರಿಸಿದ್ದರೆ ಏನಾಗುತ್ತಿತ್ತು? ಇದ್ದ ಕಾಲ ಐವತ್ತು ನಿಮಿಷ. ಅಷ್ಟರಲ್ಲಿ ಭಾರಿ ಯುದ್ಧನೌಕೆಗಳು ಲಂಗರು ಕಿತ್ತು ಹೊರಡುವುದು ಕಷ್ಟವಿತ್ತು. ಆದರೆ ನಾವಿಕರು ತೋಪುಗಳ ಬಳಿ ನಿಲ್ಲಬಹುದಿತ್ತು, ಮದ್ದಿನ ಪೆಟ್ಟಿಗೆಗಳ ಬೀಗ ತೆರೆಯಬಹುದಿತ್ತು, ಹಡಗಿನೊಳಗಿನ ಜಲನಿರೋಧಕ ಬಾಗಿಲುಗಳನ್ನು ಮುಚ್ಚಬಹುದಿತ್ತು, ಸಾಲಾಗಿ ನಿಂತ ವಿಮಾನಗಳನ್ನು ಚದುರಿಸಿ ಕೆಲವನ್ನಾದರೂ ಮೇಲೇರಿಸಬಹುದಿತ್ತು. ಇದು ಬರಿಯ ಊಹೆಯಲ್ಲ. ಜಪಾನ್ ಅಂದು ಕಳೆದುಕೊಂಡ 29 ವಿಮಾನಗಳ ಪೈಕಿ ಮೊದಲ ಅಲೆಯಲ್ಲಿ ಬಿದ್ದವು ಒಂಬತ್ತು, ಎರಡನೆಯ ಅಲೆಯಲ್ಲಿ ಬಿದ್ದವು ಇಪ್ಪತ್ತು. ಎರಡು ಅಲೆಗಳ ನಡುವೆ ಅಮೆರಿಕನ್ನರಿಗೆ ಹೊಸ ಆಯುಧವೇನೂ ಬಂದಿರಲಿಲ್ಲ, ಎಚ್ಚರ ಬಂದಿತ್ತು ಅಷ್ಟೆ. ಹಲೈವಾ ಎಂಬ ಪುಟ್ಟ ವಿಮಾನನೆಲೆಗೆ ಕಾರಿನಲ್ಲಿ ಧಾವಿಸಿ ಮೇಲೇರಿದ ಇಬ್ಬರು ತರುಣ ಪೈಲಟ್‌ಗಳು ಆರು ವಿಮಾನಗಳನ್ನಾದರೂ ಉರುಳಿಸಿದರು. ಅಂಥವರು ಇಪ್ಪತ್ತು ಮಂದಿ ಆಕಾಶದಲ್ಲಿದ್ದಿದ್ದರೆ ದಾಳಿ ನಿಲ್ಲುತ್ತಿರಲಿಲ್ಲ, ಆದರೆ ಸತ್ತವರ ಲೆಕ್ಕ ಬೇರೆಯಾಗುತ್ತಿತ್ತು.

ಹಾಗಾದರೆ ಇನ್ನೂ ಮೊದಲೇ, ಒಂದು ದಿನ ಮುಂಚಿತವಾಗಿ ತಿಳಿದಿದ್ದರೆ? ಸಾಮಾನ್ಯ ತರ್ಕ ಹೇಳುವುದು, ಲಾಭ ಇನ್ನೂ ದೊಡ್ಡದಾಗುತ್ತಿತ್ತು ಎಂದು. ಕಿಮ್ಮೆಲ್ ಅವರ ಬಳಿಕ ಪೆಸಿಫಿಕ್ ನೌಕಾಪಡೆಯ ಹೊಣೆ ಹೊತ್ತ ಅಡ್ಮಿರಲ್ ನಿಮಿಟ್ಜ್ ಅವರ ಅಭಿಪ್ರಾಯ ಇದಕ್ಕೆ ನೇರ ವಿರುದ್ಧವಾಗಿತ್ತು. ಸುದ್ದಿ ತಿಳಿದ ಯಾವ ಸೇನಾನಿಯೂ ಬಂದರಿನಲ್ಲಿ ಕುಳಿತಿರುತ್ತಿರಲಿಲ್ಲ, ಶತ್ರುವನ್ನು ಎದುರಿಸಲು ನೌಕೆಗಳನ್ನು ಹೊರಗೆ ಕೊಂಡೊಯ್ಯುತ್ತಿದ್ದ. ನಿಧಾನಗತಿಯ ಹಳೆಯ ಯುದ್ಧನೌಕೆಗಳು ಆರು ವಿಮಾನವಾಹಕಗಳ ಎದುರು ತೆರೆದ ಸಮುದ್ರದಲ್ಲಿ ನಿಂತಿದ್ದರೆ ಮೇಲೆತ್ತಲಾರದ ಆಳಕ್ಕೆ ಮುಳುಗುತ್ತಿದ್ದವು. ಬಂದರಿನ ನೀರಾದರೋ ಹದಿನೈದು ಮೀಟರಿಗಿಂತ ಆಳವಿರಲಿಲ್ಲ. ಅದರಿಂದಲೇ ಹಾನಿಗೊಂಡ ಎಂಟರಲ್ಲಿ ಆರು ಹಡಗುಗಳು ದುರಸ್ತಿಯಾಗಿ ಮತ್ತೆ ಯುದ್ಧಕ್ಕೆ ಮರಳಿದವು. ನಿಮಿಟ್ಜ್ ಅವರ ಮಾತಿಗೆ ಮೂರೇ ದಿನಗಳಲ್ಲಿ ಸಾಕ್ಷ್ಯ ದೊರೆಯಿತು. ಡಿಸೆಂಬರ್ 10ರಂದು ಮಲಯಾದ ಕರಾವಳಿಯಾಚೆ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಎರಡು ಮಹಾನೌಕೆಗಳನ್ನು, ಪೂರ್ಣ ಎಚ್ಚರದಲ್ಲಿ, ಪೂರ್ಣ ವೇಗದಲ್ಲಿ ಚಲಿಸುತ್ತಿದ್ದಾಗಲೇ, ಜಪಾನಿನ ವಿಮಾನಗಳು ಮುಳುಗಿಸಿದವು. ಹತ್ತಿರಹತ್ತಿರ 840 ಮಂದಿ ಸತ್ತರು.

ಅಂದರೆ ಕೊನೆಯ ಗಳಿಗೆಯ ಸಣ್ಣ ಎಚ್ಚರಿಕೆ ಜೀವ ಉಳಿಸುತ್ತಿತ್ತು, ಬಹು ಮುಂಚಿನ ದೊಡ್ಡ ಎಚ್ಚರಿಕೆ ಬಹುಶಃ ಹೆಚ್ಚು ಜೀವ ತೆಗೆಯುತ್ತಿತ್ತು. ರೂಸ್‌ವೆಲ್ಟ್ ಎಲ್ಲವನ್ನೂ ತಿಳಿದೂ ಮೌನವಾಗಿದ್ದರೆಂಬ ಕಥೆಯನ್ನು ಇಂದಿಗೂ ಪ್ರಚಾರ ಮಾಡುವವರು ಈ ಸರಳ ನೌಕಾಗಣಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಪಿತೂರಿಯ ಕಥೆಗೆ ಓದುಗರು ಸಿಗುತ್ತಾರೆ, ಬಂದರಿನ ಆಳಕ್ಕೆ ಸಿಗುವುದಿಲ್ಲ.

ಕಾಲಾವಕಾಶವೊಂದೇ ಸಾಲದೆಂಬುದಕ್ಕೆ ಫಿಲಿಪೈನ್ಸ್ ಇನ್ನೂ ಕಟುವಾದ ನಿದರ್ಶನ. ಪರ್ಲ್ ಹಾರ್ಬರ್ ಸುಟ್ಟ ಸುದ್ದಿ ಜನರಲ್ ಮೆಕಾರ್ಥರ್ ಅವರಿಗೆ ಬೆಳಗಿನ ಜಾವವೇ ತಲುಪಿತ್ತು. ವಾಯುದಳದ ಮುಖ್ಯಸ್ಥ ಬ್ರೆರಟನ್ ಅವರು ಫಾರ್ಮೋಸಾದ ಜಪಾನಿ ನೆಲೆಗಳ ಮೇಲೆ ಎರಗಲು ಅನುಮತಿ ಕೇಳಿದರು, ಅದು ಗಂಟೆಗಟ್ಟಲೆ ಬರಲಿಲ್ಲ. ಮಂಜಿನಿಂದಾಗಿ ಶತ್ರುವೂ ತಡವಾಗಿಯೇ ಹೊರಟಿದ್ದ. ಸುದ್ದಿ ಬಂದು ಸುಮಾರು ಒಂಬತ್ತು ಗಂಟೆಗಳಾದ ಮೇಲೆ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ, ಕ್ಲಾರ್ಕ್ ಫೀಲ್ಡಿನಲ್ಲಿ ಇಂಧನ ತುಂಬಿಸಿಕೊಳ್ಳುತ್ತ ನಿಂತಿದ್ದ ಬಾಂಬರುಗಳು ನೆಲದ ಮೇಲೆಯೇ ನಾಶವಾದವು. ಐವತ್ತು ನಿಮಿಷ ಸಿಕ್ಕ ಕಿರಿಯ ಅಧಿಕಾರಿಯ ಹೆಸರು ಇತಿಹಾಸದಲ್ಲಿ ಕಳಂಕವಾಗಿ ಉಳಿಯಿತು. ಕಿಮ್ಮೆಲ್ ಮತ್ತು ಶಾರ್ಟ್ ಅಧಿಕಾರ ಕಳೆದುಕೊಂಡರು. ಒಂಬತ್ತು ಗಂಟೆ ಸಿಕ್ಕ ಜನರಲ್ ಮಹಾಸೇನಾನಿಯಾಗಿ ಮೆರೆದರು. ಹೊಣೆಗಾರಿಕೆಯ ತಕ್ಕಡಿ ಯಾವ ಕಡೆ ವಾಲುತ್ತದೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಮುನ್ಸೂಚನೆ ಫಲಿಸಿದ ಸಂದರ್ಭವೂ ಅದೇ ಯುದ್ಧದಲ್ಲಿದೆ. 1942ರ ಮೇ ತಿಂಗಳಲ್ಲಿ ಹವಾಯಿಯ ಸಂಕೇತಲಿಪಿ ತಜ್ಞ ರೋಶ್‌ಫೋರ್ ಮತ್ತು ಅವರ ತಂಡ, ಜಪಾನಿನ ಮುಂದಿನ ಗುರಿ ಮಿಡ್‌ವೇ ದ್ವೀಪವೆಂದು ಅಂದಾಜಿಸಿತು. ವಾಷಿಂಗ್ಟನ್ನಿನವರು ಒಪ್ಪಲಿಲ್ಲ. ಆಗ ಮಿಡ್‌ವೇಯಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆಯೆಂಬ ಸುಳ್ಳು ಸುದ್ದಿಯನ್ನು ಬಹಿರಂಗವಾಗಿ ಬಿತ್ತರಿಸಲಾಯಿತು. ಆ ಗುರಿಗೆ ನೀರಿನ ಕೊರತೆಯಿದೆಯೆಂದು ಜಪಾನೀಯರು ತಮ್ಮ ಸಂಕೇತದಲ್ಲಿ ವರದಿ ಮಾಡಿ ತಾವೇ ಸಿಕ್ಕಿಬಿದ್ದರು. ನಿಮಿಟ್ಜ್ ತಜ್ಞರನ್ನು ನಂಬಿ ಮೂರು ವಿಮಾನವಾಹಕಗಳನ್ನು ಹೊಂಚಿಗಿಟ್ಟರು. ಜೂನ್ ತಿಂಗಳಲ್ಲಿ ಜಪಾನ್ ನಾಲ್ಕು ವಾಹಕಗಳನ್ನು ಕಳೆದುಕೊಂಡಿತು, ನಾಲ್ಕೂ ಪರ್ಲ್ ಹಾರ್ಬರಿಗೆ ಬಂದಿದ್ದವೇ. ಇಲ್ಲಿ ಅರಿತವನಿಗೂ ಆಜ್ಞಾಪಿಸುವವನಿಗೂ ನಡುವೆ ಅಂತರವಿರಲಿಲ್ಲ, ಎದುರಿಸಲು ಬೇಕಾದ ಬಲವೂ ಕೈಯಲ್ಲಿತ್ತು.

ಭಾರತದ ಅನುಭವವನ್ನು ಈ ಬೆಳಕಿನಲ್ಲಿ ಓದಬೇಕು. ಕೊಡಗಿನವರಾದ ಜನರಲ್ ತಿಮ್ಮಯ್ಯನವರು 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದಾಗಲೇ ರಕ್ಷಣಾ ಸಚಿವರೊಡನೆ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿಗೆ ಹಿಂತೆಗೆದುಕೊಂಡವರು. ನಿವೃತ್ತಿಯ ಬಳಿಕ, 1962ರ ಯುದ್ಧಕ್ಕೆ ಕೆಲವೇ ತಿಂಗಳ ಮುಂಚೆ, ಭಾರತದ ಸೇನೆ ಏಕಾಂಗಿಯಾಗಿ ಚೀನಾವನ್ನು ಎದುರಿಸುವ ಸ್ಥಿತಿಯಲ್ಲಿಲ್ಲವೆಂದು ಅವರು ಲೇಖನದಲ್ಲಿ ಬರೆದರು. ಇದಕ್ಕಿಂತ ನೇರವಾದ ಎಚ್ಚರಿಕೆ ಯಾವುದಿತ್ತು? 1999ರ ಮೇ ತಿಂಗಳ ಆರಂಭದಲ್ಲಿ ಕಾರ್ಗಿಲ್ ಶಿಖರಗಳ ಮೇಲೆ ಅಪರಿಚಿತರನ್ನು ಮೊದಲು ಕಂಡು ತಿಳಿಸಿದವರು ಕುರಿಗಾಹಿಗಳು. ಆ ಸುದ್ದಿ ಸೇನೆಯ ಕೆಳಹಂತವನ್ನು ಬೇಗ ತಲುಪಿತು. ಆದರೂ ಬಂದವರು ಬೆರಳೆಣಿಕೆಯ ನುಸುಳುಕೋರರಲ್ಲ, ಪಾಕಿಸ್ತಾನದ ಸೈನಿಕರೇ ಎಂಬ ತೀರ್ಮಾನಕ್ಕೆ ಬರಲು ವಾರಗಳು ಬೇಕಾದವು. ಆ ಯುದ್ಧದಲ್ಲಿ 527 ಯೋಧರು ಪ್ರಾಣ ತೆತ್ತರು.

ಇಂಥ ಪ್ರತಿ ಘಟನೆಯ ನಂತರ ಸಂಸತ್ತಿನಲ್ಲಿಯೂ ವಾಹಿನಿಗಳಲ್ಲಿಯೂ ಯಾರಿಗೆ ಮೊದಲೇ ಗೊತ್ತಿತ್ತು ಎಂಬ ಚರ್ಚೆ ನಡೆಯುತ್ತದೆ. ಗೊತ್ತಾದವನಿಗೆ ಏನು ಮಾಡುವ ಅಧಿಕಾರವಿತ್ತು, ಅವನು ತಪ್ಪಾಗಿ ಗಂಟೆ ಬಾರಿಸಿದ್ದರೆ ಅವನ ಗತಿ ಏನಾಗುತ್ತಿತ್ತು ಎಂದು ಕೇಳುವವರು ಅಪರೂಪ. ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿ ಗೂಢಚರ್ಯೆಯ ಲೋಪಗಳ ಜೊತೆಗೆ ನಿರ್ಣಯ ಕೈಗೊಳ್ಳುವ ವ್ಯವಸ್ಥೆಯ ಲೋಪಗಳನ್ನೂ ಎತ್ತಿ ತೋರಿಸಿತು. ಅದರ ಬೆನ್ನಲ್ಲಿ ರಚನೆಯಾದ ಸಚಿವರ ಗುಂಪು, ಮೂರೂ ಪಡೆಗಳ ನಡುವೆ ಸಮನ್ವಯಕ್ಕಾಗಿ ರಕ್ಷಣಾ ಪಡೆಗಳ ಮುಖ್ಯಸ್ಥರೊಬ್ಬರನ್ನು ನೇಮಿಸಬೇಕೆಂದು 2001ರಲ್ಲಿ ಶಿಫಾರಸು ಮಾಡಿತು. ಆ ಹುದ್ದೆಗೆ ಮೊದಲ ಅಧಿಕಾರಿ ಬಂದು ಕುಳಿತದ್ದು 2020ರ ಜನವರಿ 1ರಂದು.