ಕೇಕಿಗೆ ಹಾಕುವ ಸೋಡಾ ತಲೆಗೂ ಹಚ್ಚಬಹುದೇ? ಜಡೆ, ಕೇಕ್ ಮತ್ತು ಫಾರ್ವರ್ಡ್‌ಗಳ ಹಿಂದಿನ ವಿಜ್ಞಾನ

ಭಾನುವಾರ ಬೆಳಗ್ಗೆ. ಮಗಳಿಗೆ ತಲೆ ಬಾಚಿ ಜಡೆ ಹಾಕಬೇಕು, ಮಧ್ಯಾಹ್ನಕ್ಕೆ ಅವಳು ಆಸೆಪಟ್ಟ ಕೇಕ್ ಮಾಡಬೇಕು. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್: 'ಅಡುಗೆ ಸೋಡಾಗೆ ನಿಂಬೆರಸ ಬೆರೆಸಿ ತಲೆಗೆ ಹಚ್ಚಿ, ಹೊಟ್ಟು ಮಾಯ.' ಅದರ ಕೆಳಗೆ ಇನ್ನೊಂದು: 'ಕೂದಲು ಉದುರಲು ಬೋರ್‌ವೆಲ್ ನೀರೇ ಕಾರಣ.' ಮತ್ತೊಂದು: 'ಬಿಗಿಯಾಗಿ ಹೆಣೆದರೆ ಜಡೆ ಬೇಗ ಉದ್ದವಾಗುತ್ತದೆ.' ಕೊನೆಗೆ ಒಂದು ವಿಡಿಯೊ: 'ಓವನ್ ಬೇಡ, ಕುಕ್ಕರ್‌ನಲ್ಲೇ ಕೇಕ್.'

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ನಾಲ್ಕು ಮಾತುಗಳನ್ನು ನೋಡೋಣ. ಕಾರಣವಿದೆ. ಕಡಲೆಕಾಯಿ ಎಣ್ಣೆ, ರೇಷ್ಮೆ, ಬೋರ್ ನೀರು ಮೂರೂ ಆ ಊರುಗಳ ದಿನನಿತ್ಯದ ಸಂಗತಿಗಳು. ಫಾರ್ವರ್ಡ್‌ಗಳಿಗೆ ಉತ್ತರವೂ ಅಲ್ಲೇ ಸಿಗುತ್ತದೆ.

ಸೋಡಾ ಕೇಕಿನಲ್ಲಿ ಮಾಡುವ ಕೆಲಸವೇನು?

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಇದು ಕ್ಷಾರ. ಮೊಸರು, ನಿಂಬೆರಸದಂಥ ಹುಳಿ ಪದಾರ್ಥ ಸೇರಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಹಿಟ್ಟಿನೊಳಗೆ ಸಿಕ್ಕಿಬಿದ್ದ ಆ ಗುಳ್ಳೆಗಳು ಬಿಸಿಗೆ ಹಿಗ್ಗುತ್ತವೆ, ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗುತ್ತದೆ, ಕೇಕ್ ಹಗುರಾಗುತ್ತದೆ.

ಬೇಕಿಂಗ್ ಪೌಡರ್ ಎಂದರೆ ಇದೇ ಸೋಡಾ, ಜೊತೆಗೆ ಒಣ ಆಮ್ಲ ಮತ್ತು ಸ್ವಲ್ಪ ಪಿಷ್ಟ. ಅದಕ್ಕೆ ಹೊರಗಿನಿಂದ ಹುಳಿ ಬೇಕಿಲ್ಲ. ಈನೋದಲ್ಲೂ ಸೋಡಾ ಮತ್ತು ಸಿಟ್ರಿಕ್ ಆಮ್ಲ ಇವೆ. ಆದರೆ ನೀರು ತಾಗಿದ ಕ್ಷಣದಲ್ಲೇ ಅದು ನೊರೆಯುತ್ತದೆ. ಅದಕ್ಕೇ ಈನೋ ಹಾಕಿದ ಹಿಟ್ಟನ್ನು ತಕ್ಷಣ ಒಲೆಗೆ ಇಡಬೇಕು. ಹತ್ತು ನಿಮಿಷ ಬಿಟ್ಟರೆ ಗುಳ್ಳೆಗಳೆಲ್ಲ ಹಾರಿಹೋಗಿ ಕೇಕ್ ಅಪ್ಪಚ್ಚಿಯಾಗುತ್ತದೆ.

ನಮ್ಮ ಕಡೆ ಕೇಕ್ ಎಂದರೆ ಹೆಚ್ಚಾಗಿ ಮೊಟ್ಟೆಯಿಲ್ಲದ ಕೇಕ್. ಊರೂರಿನ ಅಯ್ಯಂಗಾರ್ ಬೇಕರಿಗಳೇ ಈ ರುಚಿ ಕಲಿಸಿದ್ದು. ಗುಳ್ಳೆಗಳನ್ನು ಹಿಡಿದಿಡಲು ಮೊಟ್ಟೆ ಇಲ್ಲದಿದ್ದಾಗ ಮೊಸರು ಮತ್ತು ಸೋಡಾದ ಅಳತೆಯೇ ಎಲ್ಲ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಮೊಸರು, ಅರ್ಧ ಕಪ್ ಎಣ್ಣೆಗೆ ಅರ್ಧ ಟೀ ಚಮಚ ಸೋಡಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್ ಸಾಕು. 'ಇನ್ನೂ ಉಬ್ಬಲಿ' ಎಂದು ಸೋಡಾ ಹೆಚ್ಚಿಸಿದರೆ ಹುಳಿಗೆ ಸಿಗದೆ ಉಳಿದ ಸೋಡಾ ಕೇಕನ್ನು ಕಹಿ ಮಾಡುತ್ತದೆ, ಸಾಬೂನಿನ ವಾಸನೆ ಬರುತ್ತದೆ. ಗುಳ್ಳೆ ಹೆಚ್ಚಾಗಿ ಒಡೆದು ನಡುವೆ ಕುಸಿಯುತ್ತದೆ.

ಅದೇ ಸೋಡಾ ತಲೆಗೆ ಹೋದರೆ?

ಇಲ್ಲಿ ಮೊಳಕಾಲ್ಮೂರಿನ ರೇಷ್ಮೆಯನ್ನು ನೆನಪಿಸಿಕೊಳ್ಳಿ. ಅಲ್ಲಿನ ಸೀರೆಗೆ ಜಿಐ ಮಾನ್ಯತೆ ಇದೆ. ಕಚ್ಚಾ ರೇಷ್ಮೆ ಎಳೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಅದನ್ನು ತೆಗೆಯಲು ನೂಲನ್ನು ಸೋಪು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಕುದಿಸುವುದು ಹಳೆಯ ಪದ್ಧತಿ. ಕ್ಷಾರ ಹೆಚ್ಚಾದರೆ ಅಂಟಿನ ಜೊತೆ ನೂಲಿನ ಬಲವೂ ಹೋಗುತ್ತದೆ. ಹಾಗಾಗಿಯೇ ಮದುವೆ ಸೀರೆಯನ್ನು ಯಾರೂ ಬಟ್ಟೆ ಸೋಡಾದಲ್ಲಿ ನೆನೆಸುವುದಿಲ್ಲ.

ಕೂದಲೂ ರೇಷ್ಮೆಯಂತೆ ಪ್ರೋಟೀನಿನ ಎಳೆಯೇ. ರೇಷ್ಮೆಯದು ಫೈಬ್ರಾಯಿನ್, ಕೂದಲಿನದು ಕೆರಾಟಿನ್. ಕೂದಲಿನ ಮೇಲೆ ಮನೆಯ ಹಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿದ ಪೊರೆಗಳಿವೆ. ಕ್ಷಾರ ತಾಗಿದಾಗ ಈ ಹಂಚುಗಳು ಮೇಲೇಳುತ್ತವೆ. ಕೂದಲು ಒರಟಾಗಿ, ಸಿಕ್ಕಾಗಿ, ಬಾಚುವಾಗ ತುಂಡಾಗುತ್ತದೆ.

ನೆತ್ತಿಯ ಚರ್ಮದ ಪಿಎಚ್ ಸುಮಾರು 5.5, ಅಂದರೆ ತುಸು ಆಮ್ಲೀಯ. ಸೋಡಾ ನೀರಿನದು ಸುಮಾರು 8.3. ಮೂರಂಕಿಯಷ್ಟೂ ವ್ಯತ್ಯಾಸವಿಲ್ಲವಲ್ಲ ಎನ್ನಬೇಡಿ. ಪಿಎಚ್ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಒಟ್ಟು ವ್ಯತ್ಯಾಸ ನೂರಾರು ಪಟ್ಟು.

'ನಿಂಬೆರಸ ಸೇರಿಸಿದರೆ ಸರಿಹೋಗುತ್ತಲ್ಲ?' ಎಂದು ಕೇಳಬಹುದು. ಎರಡೂ ಸರಿಯಾದ ಅಳತೆಯಲ್ಲಿ ಸೇರಿದರೆ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪಿನಂಥ ನೀರು. ಅದರಿಂದ ಹೊಟ್ಟು ಹೋಗುವುದಿಲ್ಲ. ಬುಸ್ಸೆಂದು ಬರುವ ನೊರೆ ಕೇಕಿನಲ್ಲಿ ಕಂಡ ಅದೇ ಅನಿಲ. ಕೊಳೆ ಹೋದ ಗುರುತಲ್ಲ. ಇನ್ನು ನಿಂಬೆರಸ ಹೆಚ್ಚಾಗಿ ಚರ್ಮದ ಮೇಲೆ ಉಳಿದು, ಹಾಗೇ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಬೊಕ್ಕೆ, ಕಪ್ಪು ಕಲೆ ಬರಬಹುದು.

ಹೊಟ್ಟಿಗೆ ಮುಖ್ಯ ಕಾರಣ ನೆತ್ತಿಯ ಮೇಲಿರುವ ಮಲಸೀಜಿಯಾ ಎಂಬ ಶಿಲೀಂಧ್ರ. ಕೀಟೊಕೊನಜೋಲ್‌ನಂಥ ಔಷಧ ಇರುವ ಶಾಂಪೂ ಅದನ್ನು ಹತೋಟಿಗೆ ತರುತ್ತದೆ.

ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ ಬಿಡಿಯಾಗಿ ಕಟ್ಟಿಕೊಡುವ ಅಡುಗೆ ಸೋಡಾ, ಬಟ್ಟೆ ಸೋಡಾ ಎರಡೂ ಬಿಳಿ ಪುಡಿಗಳೇ. ಬಟ್ಟೆ ಸೋಡಾ ಸೋಡಿಯಂ ಕಾರ್ಬೊನೇಟ್. ಅದರ ಪಿಎಚ್ ಸುಮಾರು 11. ತಲೆಗಾಗಲಿ ಕೇಕಿಗಾಗಲಿ ಅದು ಹೋಗಲೇಬಾರದು. ಹೆಸರು ಬರೆದ ಬೇರೆ ಬೇರೆ ಡಬ್ಬಿಗಳಲ್ಲಿಡಿ, ಬಟ್ಟೆ ಸೋಡಾವನ್ನು ಅಡುಗೆಮನೆಯಿಂದ ಹೊರಗಿಡಿ.

ಎಣ್ಣೆ ಹಚ್ಚಿದರೆ ಕೂದಲು ಬೆಳೆಯುತ್ತದೆಯೇ?

ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ 'ಎಣ್ಣೆ ನಗರ', 'ಎರಡನೇ ಮುಂಬೈ' ಎಂಬ ಹೆಸರುಗಳಿವೆ. ಕಡಲೆಕಾಯಿ ಎಣ್ಣೆ ಒಗ್ಗರಣೆಗೂ ಸೈ, ಕೇಕಿಗೂ ಸೈ. ಎಣ್ಣೆ ಹಾಕಿದ ಕೇಕ್ ಮಾರನೆಯ ದಿನವೂ ಮೆತ್ತಗಿರುತ್ತದೆ. ಬೆಣ್ಣೆಯ ಹಾಗೆ ಎಣ್ಣೆ ತಣ್ಣಗಾದಾಗ ಗಟ್ಟಿಯಾಗುವುದಿಲ್ಲ. ಗಾಣದ ಎಣ್ಣೆಯಾದರೆ ಕಡಲೆಕಾಯಿ ಘಮ ಕೇಕಿನಲ್ಲೂ ಉಳಿಯುತ್ತದೆ. ಬೆಲ್ಲದ ಕೇಕಿಗೆ, ರಾಗಿ ಕೇಕಿಗೆ ಅದು ಹೊಂದುತ್ತದೆ, ವೆನಿಲ್ಲಾಗೆ ಅಷ್ಟಾಗಿ ಹೊಂದುವುದಿಲ್ಲ.

ತಲೆಯ ವಿಷಯ ಬೇರೆ. ಕೂದಲು ಬೆಳೆಯುವುದು ಚರ್ಮದೊಳಗಿನ ಬುಡದಲ್ಲಿ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಎಣ್ಣೆ ಅದನ್ನು ನುಣುಪಾಗಿಡಬಲ್ಲದು, ಬೆಳೆಸಲಾರದು. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳನ್ನು ಹೋಲಿಸಿತ್ತು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಎಳೆಯೊಳಗೆ ಇಳಿಯಬಲ್ಲದು. ಹಾಗಾಗಿ ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚುವ ಅಜ್ಜಿಯ ಅಭ್ಯಾಸಕ್ಕೆ ಆಧಾರವಿದೆ. ಆದರೆ ಹೊಟ್ಟು ಇದ್ದಾಗ ನೆತ್ತಿಗೆ ಎಣ್ಣೆ ಸುರಿಯಬೇಡಿ. ಆ ಶಿಲೀಂಧ್ರದ ಆಹಾರವೇ ಜಿಡ್ಡು.

ಬೋರ್ ನೀರಿನಿಂದ ಕೂದಲು ಉದುರುತ್ತದೆಯೇ?

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಬೋರ್‌ವೆಲ್ ನೀರು ಗಡುಸು. ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ ಮಾತ್ರ 600ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೊ.

ಗಡಸು ನೀರಿನಲ್ಲಿ ಸೋಪು ನೊರೆಯುವುದಿಲ್ಲ, ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಕೂದಲು ಒರಟಾಗುತ್ತದೆ. ಇಷ್ಟು ನಿಜ. ಎಳೆಯ ಬಲ ಕುಗ್ಗುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಆದರೆ ಎಳೆ ತುಂಡಾಗುವುದು ಬೇರೆ, ಬುಡದಿಂದ ಉದುರುವುದು ಬೇರೆ. ನೀರಿನ ಲವಣ ಎಳೆಯ ಮೇಲೆ ಕೂರುತ್ತದೆಯೇ ಹೊರತು ಬುಡವನ್ನು ಕೀಳುವುದಿಲ್ಲ. ಸೋಪಿನ ಬದಲು ಶಾಂಪೂ ಅಥವಾ ಸೀಗೆಕಾಯಿ ಬಳಸಿ. ಶುದ್ಧ ನೀರಿನ ಘಟಕದ ಕ್ಯಾನು ಕುಡಿಯಲು ಇರಲಿ. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಕಾಟ ಇರುವುದರಿಂದ ಆ ನೀರು ಬೇಕಿರುವುದು ಹಲ್ಲು ಮತ್ತು ಮೂಳೆಗೆ, ಜಡೆಗಲ್ಲ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚು ಉದುರುತ್ತಿದ್ದರೆ ನೀರನ್ನು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ತೊಂದರೆಗಳಿಂದ ಕೂದಲು ಉದುರಬಹುದು. ಜೋರು ಜ್ವರ ಬಂದುಹೋದ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳ ನಂತರವೂ ಉದುರುವುದುಂಟು. 'ಬೋರ್ ನೀರೇ ಕಾರಣ' ಎಂದು ಸುಮ್ಮನಾದರೆ ಒಳಗಿನ ಕಾಯಿಲೆ ಕೈತಪ್ಪುತ್ತದೆ. ಇಂಥ ಫಾರ್ವರ್ಡ್‌ಗಳ ನಿಜವಾದ ಅಪಾಯ ಇದು.

ಬಿಗಿ ಜಡೆ: ಯಾರೂ ಫಾರ್ವರ್ಡ್ ಮಾಡದ ಕಾರಣ

ಬಿಗಿಯಾಗಿ ಹೆಣೆದರೆ ಕೂದಲು ಉದ್ದವಾಗುವುದಿಲ್ಲ. ಆಗುವುದು ಅದಕ್ಕೆ ತದ್ವಿರುದ್ಧ. ದಿನವೂ ಎಳೆತ ಬಿದ್ದಾಗ ಕೂದಲಿನ ಬುಡ ಸೋಲುತ್ತದೆ, ಹಣೆಯ ಅಂಚು ಮತ್ತು ಕಿವಿಯ ಮುಂಭಾಗ ತೆಳ್ಳಗಾಗುತ್ತವೆ. ವೈದ್ಯರು ಇದನ್ನು ಟ್ರಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. ಇದನ್ನು ಮೊದಲು ದಾಖಲಿಸಿದ್ದು 1907ರಲ್ಲಿ, ದೂರದ ಗ್ರೀನ್‌ಲ್ಯಾಂಡಿನಲ್ಲಿ. ಅಲ್ಲಿನ ಹೆಂಗಸರು ಕೂದಲನ್ನು ನೆತ್ತಿಗೆ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಹಿಮದ ನಾಡಾದರೇನು, ಬಯಲುಸೀಮೆಯಾದರೇನು, ಬುಡದ ಕಥೆ ಒಂದೇ.

ಶಾಲೆಗೆ ಹೋಗುವ ಹುಡುಗಿಯರ ವಿಷಯದಲ್ಲಿ ಇದು ಮುಖ್ಯ. 'ಸಂಜೆವರೆಗೂ ಬಿಚ್ಚಬಾರದು' ಎಂದು ಅಮ್ಮ ಬಿಗಿಯಾಗಿ ಎರಡು ಜಡೆ ಹೆಣೆದು, ಮಡಚಿ ಟೇಪು ಕಟ್ಟುತ್ತಾಳೆ. ಮಗು 'ನೋವಾಗುತ್ತೆ' ಎಂದರೆ ಸುಮ್ಮನಿರಿಸುತ್ತಾಳೆ. ಆ ನೋವೇ ಮೊದಲ ಸೂಚನೆ. ಬುಡದಲ್ಲಿ ಸಣ್ಣ ಗುಳ್ಳೆ, ಜಡೆ ಬಿಚ್ಚಿದಾಗ ನೆತ್ತಿ ಉರಿ, ಹಣೆ ಅಂಚಿನಲ್ಲಿ ತುಂಡು ಕೂದಲು ಎರಡನೆಯ ಸೂಚನೆ. ಈ ಹಂತದಲ್ಲಿ ಸಡಿಲಗೊಳಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬುಡವೇ ಸತ್ತು, ಆ ಜಾಗ ಶಾಶ್ವತವಾಗಿ ಬೋಳಾಗಬಹುದು.

ಪರಿಹಾರಕ್ಕೆ ಒಂದು ಪೈಸೆಯೂ ಬೇಡ:

• ಬುಡದ ಹತ್ತಿರದ ಹೆಣಿಗೆ ಸಡಿಲವಾಗಿರಲಿ, ತುದಿಯಲ್ಲಿ ಬೇಕಾದರೆ ಬಿಗಿಯಾಗಲಿ.
• ಬೈತಲೆಯ ಜಾಗ ಆಗಾಗ ಬದಲಾಗಲಿ.
• ತಲೆ ಒದ್ದೆಯಿರುವಾಗ ಹೆಣೆಯಬೇಡಿ. ಒದ್ದೆ ಕೂದಲು ಬೇಗ ಹಿಗ್ಗಿ ತುಂಡಾಗುತ್ತದೆ.
• ಬರೀ ರಬ್ಬರ್ ಬ್ಯಾಂಡ್ ಬದಲು ಬಟ್ಟೆ ಸುತ್ತಿದ ಬ್ಯಾಂಡ್ ಹಾಕಿ.
• ಮನೆಯಲ್ಲಿರುವಾಗ ಕತ್ತಿನ ಹತ್ತಿರ ಸಡಿಲ ತುರುಬು ಅಥವಾ ಒಂದು ಕ್ಲಿಪ್ ಸಾಕು.
• ಮೊಗ್ಗಿನ ಜಡೆ, ಭಾರದ ಕುಚ್ಚು ಮದುವೆ, ಹಬ್ಬದ ದಿನಕ್ಕಿರಲಿ, ರಾತ್ರಿ ಬಿಚ್ಚಿಡಿ.

ಕುಕ್ಕರ್ ಕೇಕ್: ಆಗುತ್ತದೆ, ಆದರೆ...

ಕೇಕ್ ಬೇಯಲು ಬೇಕಿರುವುದು ಸುತ್ತಲಿನಿಂದ ಒಣ ಬಿಸಿ. ಮುಚ್ಚಿದ ದಪ್ಪ ತಳದ ಪಾತ್ರೆಯೂ ಅದನ್ನು ಕೊಡಬಲ್ಲದು. ತಳಕ್ಕೆ ಹಾಕುವ ಉಪ್ಪು ಅಥವಾ ಮರಳು ಬಿಸಿಯನ್ನು ಸಮವಾಗಿ ಹರಡುತ್ತದೆ ಅಷ್ಟೆ. ಕುಕ್ಕರ್‌ನಲ್ಲಿ ಮಾಡುವುದಾದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆಯಲೇಬೇಕು. ವಿಡಿಯೊಗಳು ಹೇಳದ ಮಾತು ಇನ್ನೊಂದಿದೆ: ನೀರಿಲ್ಲದೆ ಮತ್ತೆ ಮತ್ತೆ ಕಾಯಿಸಿದ ಕುಕ್ಕರ್‌ನ ತಳ ಸೊಟ್ಟಗಾಗಬಹುದು, ಸೇಫ್ಟಿ ವಾಲ್ವ್ ಹಾಳಾಗಬಹುದು. ಅದೇ ಕುಕ್ಕರ್‌ನಲ್ಲಿ ನಾಳೆ ಬೇಳೆ ಬೇಯಿಸುವುದು ಅಪಾಯ. ದಪ್ಪ ತಳದ ಹಳೆಯ ಬಾಣಲೆ, ಮೇಲೊಂದು ಮುಚ್ಚಳ ಇದ್ದರೆ ಸಾಕು.

ರಾಗಿ ಕೇಕ್ ಎಷ್ಟು ತಿಂದರೂ ಒಳ್ಳೆಯದು ಎಂಬ ಮಾತೂ ಇದೆ. ರಾಗಿಯಲ್ಲಿ ಕ್ಯಾಲ್ಸಿಯಂ, ನಾರಿನಂಶ ಹೆಚ್ಚು, ನಿಜ. ಆದರೆ ಕೇಕಿಗೆ ಬಿದ್ದ ಒಂದು ಕಪ್ ಸಕ್ಕರೆ ರಾಗಿ ಹಿಟ್ಟು ಕಂಡು ಓಡಿಹೋಗುವುದಿಲ್ಲ. ರಾಗಿಯಲ್ಲಿ ಗ್ಲುಟನ್ ಇಲ್ಲದ್ದರಿಂದ ಬರೀ ರಾಗಿ ಹಾಕಿದರೆ ಕೇಕ್ ಪುಡಿಪುಡಿಯಾಗುತ್ತದೆ; ಅರ್ಧಕ್ಕರ್ಧ ಮೈದಾ ಅಥವಾ ಗೋಧಿ ಹಿಟ್ಟು ಸೇರಿಸಿ.

ಹಾಗಾದರೆ ಒಟ್ಟು ಲೆಕ್ಕವೇನು?

ಗಮನಿಸಿ ನೋಡಿ: ಇಂಥ ಫಾರ್ವರ್ಡ್‌ಗಳು ಯಾವಾಗಲೂ 'ಇನ್ನೊಂದಿಷ್ಟು ಹಾಕಿ, ಹಚ್ಚಿ, ಬಿಗಿಯಿರಿ' ಎನ್ನುತ್ತವೆ. ಜಡೆಗೂ ಕೇಕಿಗೂ ಬೇಕಿರುವುದು ಹೆಚ್ಚಾಗಿ ಅದಕ್ಕೆ ಉಲ್ಟಾ. ಸೋಡಾ ಅಳತೆಗಿಂತ ಹೆಚ್ಚು ಬೇಡ, ಹಿಟ್ಟನ್ನು ಅತಿಯಾಗಿ ಕಲಸಬೇಡಿ, ಬೇಯುವಾಗ ಪದೇ ಪದೇ ಮುಚ್ಚಳ ತೆರೆಯಬೇಡಿ, ಜಡೆ ಎಳೆಯಬೇಡಿ.

ಅಡುಗೆಮನೆಯಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ಮೈಗೆ ಒಳ್ಳೆಯದಲ್ಲ. ಮೆಣಸಿನಪುಡಿಯೂ ಅಡುಗೆಮನೆಯಲ್ಲೇ ಇದೆ, ಅದನ್ನು ಯಾರೂ ಕಣ್ಣಿಗೆ ಹಾಕಿಕೊಳ್ಳುವುದಿಲ್ಲ. ಮುಂದಿನ ಸಲ ಗ್ರೂಪಿನಲ್ಲಿ ಸೋಡಾ ಮದ್ದು ಬಂದರೆ ಜಗಳ ಬೇಡ. 'ನಿಮ್ಮ ರೇಷ್ಮೆ ಸೀರೆಗೂ ಸೋಡಾ ಹಾಕ್ತೀರಾ ಅತ್ತೆ?' ಎಂದು ಕೇಳಿನೋಡಿ. ನಾಳೆ ಬೆಳಗ್ಗೆ ಮಗಳಿಗೆ ಜಡೆ ಹಾಕುವಾಗ ಅವಳನ್ನೂ ಒಂದು ಮಾತು ಕೇಳಿ: 'ನೋವಾಗ್ತಿದೆಯಾ?' ಹೌದು ಎಂದರೆ ಬಿಚ್ಚಿ, ಸಡಿಲವಾಗಿ ಮತ್ತೆ ಹೆಣೆಯಿರಿ.