ಸಹಿ ಹಾಕುವ ಮೊದಲು ಬಿಪಿ ಬಗ್ಗೆ ಕೇಳಿ

ನಾಯಿಯ ಹಲ್ಲು ಕ್ಲೀನ್ ಮಾಡಿಸಲು ಡಾಕ್ಟರು ದಿನ ಕೊಟ್ಟಿದ್ದಾರೆ, ಪೂರ್ತಿ ಅರಿವಳಿಕೆ ಬೇಕಂತೆ. ಒಪ್ಪಿಗೆ ಫಾರ್ಮ್ ನೋಡಿಯೇ ನಿಮಗೆ ಎದೆ ಢವಢವ. ಮಗಳು ಬೇರೆ "ಅಮ್ಮಾ, ಅದು ಎದ್ದೇಳುತ್ತೆ ಅಲ್ವಾ?" ಅಂತ ಹತ್ತು ಸಲ ಕೇಳಿದ್ದಾಳೆ.

ಉಸಿರಿನ ಮೂಲಕ ಕೊಡುವ ಐಸೋಫ್ಲುರೇನ್, ಸೆವೋಫ್ಲುರೇನ್ ಎಚ್ಚರ ತಪ್ಪಿಸುವುದಷ್ಟೇ ಅಲ್ಲ, ರಕ್ತನಾಳಗಳನ್ನೂ ಸಡಿಲಿಸುತ್ತವೆ. ಹೃದಯ ಒತ್ತುವ ಬಲವೂ ತುಸು ತಗ್ಗುತ್ತದೆ. ಪೈಪು ಅಗಲವಾಗಿ ಪಂಪು ಮೆತ್ತಗಾದ ಹಾಗೆ. ಗ್ಯಾಸ್ ಹೆಚ್ಚಿಸಿದಷ್ಟೂ ಬಿಪಿ ಇಳಿಯುತ್ತದೆ. ಸರಾಸರಿ ಒತ್ತಡ 60ಕ್ಕಿಂತ ಕೆಳಗೆ ಬಹಳ ಹೊತ್ತು ನಿಂತರೆ ಮೂತ್ರಪಿಂಡಕ್ಕೆ ರಕ್ತ ಸಾಲದಾಗಬಹುದು. ಆಗಲೂ ಇಸಿಜಿ ಗೆರೆ ಚೆನ್ನಾಗಿಯೇ ಓಡುತ್ತಿರಬಹುದು. ಅದು ತೋರಿಸುವುದು ಹೃದಯದ ವಿದ್ಯುತ್ತನ್ನು, ಒತ್ತಡವನ್ನಲ್ಲ.

ಅದಕ್ಕೇ ಕೇಳಿ: ಉದ್ದಕ್ಕೂ ಬಿಪಿ ನೋಡುವವರು ಯಾರು? ಇಳಿದರೆ ಏನು ಮಾಡುತ್ತೀರಿ? "ಮೊದಲು ಗ್ಯಾಸ್ ತಗ್ಗಿಸುತ್ತೇವೆ, ಡ್ರಿಪ್ ಹಾಕಿರುತ್ತೇವೆ, ಗ್ಯಾಸ್ ಕಡಿಮೆ ಸಾಕಾಗಲೆಂದು ನೋವಿನ ಮದ್ದು ಮುಂಚೆಯೇ ಕೊಡುತ್ತೇವೆ" ಅಂದರೆ ಒಳ್ಳೆಯ ಲಕ್ಷಣ. ಡಾಕ್ಟರ ಮುಂದೆ ಬಾಯಿ ಬಿಡಲು ನಮ್ಮವರಿಗೆ ಸಂಕೋಚ. ನಾಯಿಗಂತೂ ಬಾಯೇ ಇಲ್ಲ, ನೀವೇ ಕೇಳಬೇಕು.

ನಿಮ್ಮದು ಕ್ಯಾವಲಿಯರ್ ಸ್ಪಾನಿಯಲ್ ಆಗಿದ್ದರೆ ಹೃದಯದ ಕವಾಟದ ತೊಂದರೆ ಆ ತಳಿಯಲ್ಲಿ ಸಾಮಾನ್ಯ. ಮರ್ಮರ್ ಇದೆ ಅಂತ ಯಾರಾದರೂ ಹಿಂದೆ ಹೇಳಿದ್ದರೆ, ಕೆಮ್ಮಿದ್ದರೆ, ಯಾವುದಾದರೂ ಮಾತ್ರೆ ನಡೆಯುತ್ತಿದ್ದರೆ ಮುಚ್ಚಿಡಬೇಡಿ.

ಮಗಳಿಗೂ ನಿಜವನ್ನೇ ಹೇಳಿ: ಬಹುಪಾಲು ನಾಯಿಗಳು ಎದ್ದು ಮನೆಗೆ ಬರುತ್ತವೆ. ಸಂಜೆ ಸ್ವಲ್ಪ ತೂರಾಡುತ್ತವೆ, ಅಷ್ಟೆ.